ಗೋಡೆ ಬಡಿದ ಸದ್ದು

ಜಿಗಣಿ, ಸೋಮವಾರ

ಮಾಲೀಕರಾದ ರಾಮಾಂಜಿನಪ್ಪನವರಿಗೆ ನಾಲ್ಕನೇ ರೂಮಿನ ನೀಲಾಂಬಿಕಾ ಮಾಡುವ ನಮಸ್ಕಾರಗಳು.

ಪಕ್ಕದ ರುಕ್ಮವ್ವನ ರೂಮನ್ನು ದಯವಿಟ್ಟು ಬೇರೆಯವರಿಗೆ ಕೊಡಬೇಡಿ. ಅವಳು ವಾಪಸ್ ಬರುತ್ತಾಳೆ.

ನಮ್ಮ ವಠಾರದಲ್ಲಿ ಗೋಡೆ ಬಡಿದರೆ ಟಿವಿ ಸದ್ದು ತಗ್ಗಿಸು ಎಂದು ಅರ್ಥ. ನಿಮಗೂ ಗೊತ್ತು. ಚುನಾವಣೆ ಶುರುವಾದಾಗಿನಿಂದ ನಮ್ಮಿಬ್ಬರಿಗೂ ಮಾತಿರಲಿಲ್ಲ. ಅವಳ ಪಕ್ಷ ಬೇರೆ, ನನ್ನದು ಬೇರೆ. "ಟಿವಿ ಒದರೂದೆಲ್ಲಾ ಖರೇ ಅಂತ ತಿಳಕೊಂಡೀಯೇನು?" ಎಂದು ನಲ್ಲಿ ಹತ್ತಿರ ಎಲ್ಲರ ಮುಂದೆ ಅಂದಿದ್ದಳು.

ಮತ ಎಣಿಕೆಯ ದಿನ ಫ್ಯಾಕ್ಟರಿಗೆ ರಜೆ ಹಾಕಿ ಟಿವಿ ಮುಂದೆ ಕೂತಿದ್ದೆ. ಹನ್ನೊಂದು ಗಂಟೆಗೆ ನಮ್ಮವರು ಮುಂದಿದ್ದರು. ಆಗ ಗೋಡೆ ಮೂರು ಸಲ ಬಡಿದ ಸದ್ದಾಯಿತು. ಹೊಟ್ಟೆ ಉರಿಯುತ್ತಿರಬೇಕು ಎಂದುಕೊಂಡು ಟಿವಿಯನ್ನು ಇನ್ನೂ ಜೋರು ಮಾಡಿದೆ. ಮತ್ತೆ ಬಡಿಯಲಿಲ್ಲ. ಗೆದ್ದೆ ಎಂದುಕೊಂಡೆ.

ಸಂಜೆ ನಲ್ಲಿಯಲ್ಲಿ ನೀರು ಬಂದಾಗ ಅವಳ ಕೊಡ ಮಾತ್ರ ಹೊರಗೆ ಬರಲಿಲ್ಲ. ಬಾಗಿಲು ತಳ್ಳಿ ನೋಡಿದೆವು. ಲಟ್ಟಣಿಗೆ ಹಿಡಿದುಕೊಂಡೇ ಗೋಡೆಯ ಬುಡದಲ್ಲಿ ಬಿದ್ದಿದ್ದಳು. ಬಲಗಡೆಗೆ ಲಕ್ವ ಹೊಡೆದಿದೆ, ಮಾತು ನಿಂತಿದೆ.

"ಬೆಳಿಗ್ಗೇನೇ ಯಾಕಮ್ಮ ಕರ್ಕೊಂಡ್ ಬರ್ಲಿಲ್ಲ?" ಎಂದು ಡಾಕ್ಟರು ಕೇಳಿದರು. ಫ್ಯಾಕ್ಟರಿಯಲ್ಲಿದ್ದೆ ಎಂದೆ. ನಿಮ್ಮ ಹತ್ತಿರವೂ ಹಾಗೆಯೇ ಹೇಳಿದ್ದೆ. ಅದು ಸುಳ್ಳು.

ನಿನ್ನೆ ಅವಳು ಎಡಗೈಯಿಂದ ಆಸ್ಪತ್ರೆ ಮಂಚದ ಕಂಬಿಯನ್ನು ಮೂರು ಸಲ ಬಡಿದಳು. "ಏನ್ ಬೇಕಂತೆ ಅಕ್ಕ?" ಎಂದು ನರ್ಸ್ ನನ್ನನ್ನೇ ಕೇಳಿದರು. ನಾನು ಎದ್ದು ಹೋಗಿ ವಾರ್ಡಿನ ಟಿವಿ ಆರಿಸಿದೆ.

ಅವಳು ಬಡಿಯುತ್ತಲೇ ಇದ್ದಳು.

ಇಂತಿ,
ನೀಲಾಂಬಿಕಾ