ವಿಟಮಿನ್ ಹಳದಿ

15 ಮಾರ್ಚ್ 1994, ಮಂಗಳವಾರ

ಷಟರ್ ಎತ್ತಿದೆ. ಕೆಮ್ಮಿನ ಸಿರಪ್ ಮುಗಿದಿದೆ, ಆರ್ಡರ್ ಹಾಕಬೇಕು. ಹನ್ನೊಂದಕ್ಕೆ ಕರೆಂಟ್ ಹೋಯಿತು. ಕರೆಂಟ್ ಹೋದಾಗಲೇ ದೊಡ್ಡಬಳ್ಳಾಪುರ ಎಷ್ಟು ಗದ್ದಲದ ಊರು ಎಂದು ತಿಳಿಯುವುದು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಕಿವಿಯೊಳಗಿಂದ ಏನೋ ಬಿದ್ದುಹೋದ ಹಾಗೆ.

ಮಧ್ಯಾಹ್ನ ದೇವೇಂದ್ರ ಅಂಗಡಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತ. ಮನೆಯಲ್ಲಿ ಅಮ್ಮ ಅವನನ್ನೇ ನೋಡುತ್ತ ಕೂರುತ್ತಾಳೆ, ಅದಕ್ಕಿಂತ ಇಲ್ಲಿ ವಾಸಿಯಂತೆ. ನನ್ನ ತಮ್ಮನಿಗೆ ಇಪ್ಪತ್ತಾರು. ಹೋದ ವರ್ಷ ಈ ಹೊತ್ತಿಗೆ ಮಲಗಿ ನೂರು ಕೆ.ಜಿ. ಎತ್ತುತ್ತಿದ್ದ. ಈಗ ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬಿದೆ. ತೋಳು ಕಡ್ಡಿ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಉಸಿರು ತೆಗೆದುಕೊಂಡ. ನೋಡದವನಂತೆ ಗಾಜು ಒರೆಸಿದೆ.

ಸಂಜೆ ಕೆಂಪರಾಜ್ ಬಂದ. ದೇವ ಹೋಗುತ್ತಿದ್ದ ಜಿಮ್ಮಿನ ಯಜಮಾನ. ಸ್ಪಿರಿಟ್ಟು, ಬ್ಯಾಂಡೇಜು ಬೇಕಿತ್ತು. ಊಟ ಸರಿಯಾಗಿ ಮಾಡ್ತಿದ್ದೀಯಾ ಎಂದು ದೇವನನ್ನು ವಿಚಾರಿಸಿದ, ನೆಂಟರ ಹಾಗೆ. ತಿರುಗಿ ಹೋಗುವಾಗ ಅವನ ಕುತ್ತಿಗೆ ನೋಡಿದೆ. ದಪ್ಪ, ಎಣ್ಣೆ ಮಿಂಚು. ಪ್ರತಿ ಸಲವೂ ಅಲ್ಲೇ ನೋಡುತ್ತೇನೆ.

18 ಮಾರ್ಚ್, ಶುಕ್ರವಾರ

ಬರೆದರೆ ಕೋಪ ಆರುತ್ತದಂತೆ. ನನಗೆ ಆರುವುದು ಬೇಡ. ಆರದಿರಲಿ ಎಂದೇ ಬರೆಯುತ್ತೇನೆ.

ಕೆಂಪರಾಜ್ ತೂಬಗೆರೆ ಕಡೆಯ ಜಮೀನುದಾರರ ಮಗ. ಊರಿನ ಹಳೆಯ ಗರಡಿಮನೆಯನ್ನು ತೆಗೆದುಕೊಂಡು ಮಣ್ಣು ಎತ್ತಿಸಿ ಸಿಮೆಂಟ್ ಹಾಕಿಸಿದ, ಕಬ್ಬಿಣ ತಂದಿಟ್ಟ. ಆಂಜನೇಯನ ಪಟ ಮಾತ್ರ ಇದ್ದಲ್ಲೇ ಇದೆ. ಪಟದ ಕೆಳಗೆ ಮದ್ರಾಸಿನಿಂದ ತರಿಸಿದ ದೊಡ್ಡ ಡಬ್ಬ. ಅದರ ಮೇಲೆ ಮೈಯುಬ್ಬಿಸಿ ನಿಂತ ಬಿಳಿಯನ ಚಿತ್ರ. ಅವನ ಹಣೆಗೂ ಕುಂಕುಮ. ಶನಿವಾರ ಪೂಜೆಯಾದ ಮೇಲೆ ಹುಡುಗರು ಸಾಲಾಗಿ ನಿಂತು ಬಲಗೈ ಚಾಚುತ್ತಾರೆ, ಅದರ ಕೆಳಗೆ ಎಡಗೈ. ವಾರಕ್ಕಾಗುವಷ್ಟು ಅಂಗೈಗೆ ಬೀಳುತ್ತದೆ — ಕೆಂಪು ಕ್ಯಾಪ್ಸೂಲು, ಜೊತೆಗೆ ಗುಲಾಬಿ ಬಣ್ಣದ ಚಿಕ್ಕ ಮಾತ್ರೆ. ಎರಡಕ್ಕೂ ಅಲ್ಲಿ ವಿಟಮಿನ್ ಎಂದೇ ಹೆಸರು. ಪ್ರಸಾದದಲ್ಲಿ ಏನೇನಿದೆ ಎಂದು ಯಾರೂ ಕೇಳುವುದಿಲ್ಲ. ಮೆಡಿಕಲ್ ಸ್ಟೋರಿನವನ ತಮ್ಮನೂ ಕೇಳಲಿಲ್ಲ.

ಕೆಂಪು ಕ್ಯಾಪ್ಸೂಲು ನಿಜವಾದ ವಿಟಮಿನ್ನೇ. ನುಂಗಿದರೆ ಉಚ್ಚೆ ಹಳದಿಯಾಗುತ್ತದೆ, ಸಹಜ. ಹುಡುಗರಿಗೆ ಅದೇ ಸಾಕ್ಷಿ. 'ಹಳದಿ ಬಂತೇನ್ಲಾ' ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ, ಊಟ ಆಯ್ತಾ ಎನ್ನುವ ಹಾಗೆ. ಗುಲಾಬಿಯದು ಬೇರೆ. ಮಾಂಸಖಂಡ ಬೆಳೆಸುವ ಹಾರ್ಮೋನು. ಲಿವರನ್ನು ತಿನ್ನುತ್ತದೆ.

ದೇವನಿಗೆ ಕಾಮಾಲೆ ಶುರುವಾದಾಗ ಹಳದಿ ಗಾಢವಾಯಿತು. ಸ್ಪರ್ಧೆಗೆ ಮುಂಚೆ ಕೆಂಪರಾಜನ ತೋಟದ ಮನೆಯಲ್ಲಿ ತಿಂಗಳ ಕ್ಯಾಂಪು. ನನ್ನ ಕಣ್ಣಿಗೆ ಬೀಳಲೇ ಇಲ್ಲ. ಹೆದರಿ ಕೆಂಪರಾಜನಿಗೇ ಹೇಳಿದ್ದಾನೆ. ಅವನು ಬೆನ್ನು ತಟ್ಟಿದನಂತೆ. 'ಅದು ವಿಟಮಿನ್ ಹಳದಿ ಕಣೋ. ಮೈಗೆ ಹಿಡೀತಾ ಐತೆ. ಇನ್ನೊಂದ್ ಜಾಸ್ತಿ ತಗೋ.' ತಗೊಂಡ.

ಒಂದು ತಿಂಗಳು ಮೊದಲು ನಿಲ್ಲಿಸಿದ್ದರೆ ಸಾಕಿತ್ತು ಎಂದರು ಬೆಂಗಳೂರಿನ ಡಾಕ್ಟರು. ದೂರು ಕೊಡಲು ಪೊಲೀಸ್ ಠಾಣೆಗೆ ಹೋದೆ. ವಿಟಮಿನ್ ತಿಂದು ಯಾರಿಗ್ರೀ ಏನಾಗುತ್ತೆ ಎಂದು ಕಳಿಸಿಬಿಟ್ಟರು.

ಆ ಒಂದು ತಿಂಗಳು ಕೆಂಪರಾಜನ ಹತ್ತಿರ ಇದೆ. ಅದು ನನಗೆ ವಾಪಸ್ಸು ಬೇಕು.

26 ಮಾರ್ಚ್, ಶನಿವಾರ

ಕೆಂಪರಾಜ್ ತುರಿಕೆಗೆ ಏನಾದರೂ ಕೊಡು ಎಂದ. ಬೆವರುಸಾಲೆ ಇರಬೇಕಂತೆ. ಮೈಮೇಲೆ ಒಂದು ಗುಳ್ಳೆಯಿಲ್ಲ. ಮಾತಾಡುತ್ತಲೇ ಅಂಗೈ ಕೆರೆದುಕೊಳ್ಳುತ್ತಿದ್ದ.

ದೇವನಿಗೂ ಮೊದಲು ಬಂದದ್ದು ಅಂಗೈಗೆ.

ಬಿಸಿಲಿಗೆ ಇಳಿದಾಗ ಅವನ ಕಣ್ಣು ನೋಡಿದೆ. ಹೌದು. ಹಳದಿ ಇನ್ನೂ ತೆಳು. ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು.

ಲೋಷನ್ ಕೊಟ್ಟೆ. ದಿನಕ್ಕೆ ಎರಡು ಸಲ ಹಚ್ಚು ಎಂದೆ.

ರಾತ್ರಿ ಊಟಕ್ಕೆ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡೆ. ನೀನು ಹೀಗೆ ಉಂಡು ಎಷ್ಟು ದಿನವಾಯಿತು ಎಂದಳು ಅಮ್ಮ.

29 ಮಾರ್ಚ್, ಮಂಗಳವಾರ

ಏಪ್ರಿಲ್ ಹದಿನೇಳು, ಭಾನುವಾರ, ನೆಲಮಂಗಲದಲ್ಲಿ ದೇಹದಾರ್ಢ್ಯ ಸ್ಪರ್ಧೆ. ಮೂವತ್ತೈದು ದಾಟಿದವರಿಗೆ ಬೇರೆ ವಿಭಾಗವಂತೆ. ಕೆಂಪರಾಜ್ ಹೆಸರು ಕೊಟ್ಟಿದ್ದಾನೆ. ಕುಡಿಯಲು ನೀರು ಕೇಳಿದ. ಕೊಟ್ಟೆ. ಜೇಬಿನಿಂದ ಪೊಟ್ಟಣ ತೆಗೆದು ಗುಲಾಬಿ ಮಾತ್ರೆ ಬಾಯಿಗೆ ಹಾಕಿಕೊಂಡ. ಒಂದಲ್ಲ, ಮೂರು.

ನೀನೂ ಅದನ್ನೇ ತಗೋತೀಯಾ ಎಂದೆ.

'ಮತ್ತೆ? ಹುಡುಗ್ರಿಗೆ ಕೊಟ್ಟು ನಾನ್ ತಿನ್ದೇ ಇರ್ತೀನಾ ರವಿಯಣ್ಣ? ವಿಟಮಿನ್ನು. ಸ್ಟ್ರಾಂಗು. ಮದ್ರಾಸ್ ಸೇಟು ಇಟ್ಕೊಂಡಿರೋ ಐಟಂನಲ್ಲೇ ಇದು ನಂಬರ್ ಒನ್.'

ಇಷ್ಟು ದಿನ ಗೊತ್ತಿದ್ದೂ ಕೊಟ್ಟ ಎಂದುಕೊಂಡಿದ್ದೆ. ಇವನಿಗೆ ಏನೂ ಗೊತ್ತಿಲ್ಲ. ದೇವನ ಬೆನ್ನು ತಟ್ಟಿದ್ದು ಸುಳ್ಳಿನಿಂದಲ್ಲ, ನಂಬಿಕೆಯಿಂದ. ಇದರಿಂದ ಸಮಾಧಾನವಾಗಬೇಕಿತ್ತೋ ಏನೋ. ಆಗಲಿಲ್ಲ. ಮೋಸಗಾರನನ್ನು ದ್ವೇಷಿಸುವುದರಲ್ಲಿ ಒಂದು ಘನತೆ ಇತ್ತು. ಅದನ್ನೂ ಕಿತ್ತುಕೊಂಡ. ನನ್ನ ತಮ್ಮ ಬರೀ ಒಬ್ಬ ದಡ್ಡನ ಕೈಯಲ್ಲಿ ಹಾಳಾದ.

5 ಏಪ್ರಿಲ್, ಮಂಗಳವಾರ

ಕೆಂಪರಾಜ್ ಗಿರಾಕಿಗಳೆಲ್ಲ ಹೋಗುವವರೆಗೆ ಕಾದು ನಿಂತಿದ್ದ. ಆಮೇಲೆ ತಗ್ಗಿದ ದನಿಯಲ್ಲಿ, ಉಚ್ಚೆ ಟೀ ಡಿಕಾಕ್ಷನ್ ಥರ ಹೋಗ್ತಿದೆ ಎಂದ. ವಿಟಮಿನ್ ಹಳದೀನೇ ಅಲ್ವಾ ಎಂದು ನನ್ನ ಮುಖ ನೋಡಿದ.

ಏನಿಲ್ಲ ಎಂದೆ. ಬಿ-ಕಾಂಪ್ಲೆಕ್ಸ್ ಸ್ಟ್ರಿಪ್ ತೆಗೆದು, ಇದನ್ನೂ ತಗೋ, ಬಣ್ಣ ಇನ್ನೂ ಜಾಸ್ತಿ ಬರುತ್ತೆ, ಗಾಬರಿಯಾಗಬೇಡ ಎಂದೆ.

ಇನ್ನು ಎಷ್ಟೇ ಬಣ್ಣ ಬಂದರೂ ಅವನ ಹತ್ತಿರ ಒಂದು ಕಾರಣವಿರುತ್ತದೆ. ಕವರಿಗೆ ಹಾಕಿ ಬಾಯಿ ಮಡಚಿ ಕೊಟ್ಟೆ, ಎಲ್ಲರಿಗೂ ಕೊಡುವ ಹಾಗೆ. ನಮಸ್ಕಾರ ಮಾಡಿ ಹೋದ.

12 ಏಪ್ರಿಲ್, ಮಂಗಳವಾರ. ಹೊಸತೊಡಕು

ನಿನ್ನೆ ಯುಗಾದಿ. ಇವತ್ತು ಊರೆಲ್ಲ ಮಾಂಸದ ವಾಸನೆ. ಕೆಂಪರಾಜ್ ಮನೆಗೇ ಬಂದ, ದೇವನಿಗೆಂದು ಟಿಫನ್ ಕ್ಯಾರಿಯರಿನಲ್ಲಿ ಸಾರು ಹಿಡಿದು. ಅಮ್ಮ ಮುಚ್ಚಳ ತೆಗೆದಳು. ಆ ಘಮಕ್ಕೆ ಅವನೇ ಎದ್ದು ಓಡಿ ಚರಂಡಿಯ ಹತ್ತಿರ ವಾಂತಿ ಮಾಡಿಕೊಂಡ. ಹೊಸತೊಡಕಿಗೆ ಒಬ್ಬನೇ ಒಂದು ತೊಡೆ ತಿನ್ನುತ್ತಿದ್ದವನು. ಬಿಸಿಲಿಗೆ ಪಿತ್ತ ಎಂದು ನಕ್ಕು, ಬಾಯಿ ತೊಳೆದು ಹೊರಟ.

ದೇವ ಜಗಲಿಯ ಮೇಲಿದ್ದ. ಅವನು ಹೋದ ಮೇಲೆ ಕೇಳಿದ.

'ಅಣ್ಣ, ಅವನ ಕಣ್ ನೋಡ್ದಾ?'

ನೋಡಿದೆ ಎಂದೆ.

'ಇವತ್ತೇನಾ?'

ಟಿಫನ್ ಕ್ಯಾರಿಯರಿನ ಮುಚ್ಚಳ ಹಾಕಿದೆ. ಅವನಿಗೆ ಅಷ್ಟೇ ಸಾಕಾಯಿತು.

'ನಂಗೋಸ್ಕರ ಅಂತ ಮಾತ್ರ ಹೇಳ್ಬೇಡ. ಗರಡೀಲಿ ಹುಡುಗ್ರು ಇನ್ನೂ ಅದೇ ತಿಂತಾವ್ರೆ.'

ನಿನಗೆ ಸಿಟ್ಟಿಲ್ಲವೇ ಎಂದೆ.

'ಐತೆ. ನಿಂಗಿಂತ ಜಾಸ್ತಿ ಐತೆ. ಆದ್ರೆ ಆ ತುರಿಕೆ ನಿಂಗ್ ಗೊತ್ತಿಲ್ಲ.'

ಗರಡಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗು ಎಂದ. ನಾಳೆ ನೋಡೋಣ ಎಂದೆ. ಹುಡುಗರ ವಿಷಯ... ನಿಜ ಹೇಳಬೇಕೆಂದರೆ, ನನಗೆ ಒಂದು ಸಲವೂ ಹೊಳೆದಿರಲಿಲ್ಲ.

13 ಏಪ್ರಿಲ್, ಬುಧವಾರ

ದೇವ ಗರಡಿಗೆ ನಡೆದುಕೊಂಡೇ ಹೋಗಿದ್ದಾನೆ. ದಾರಿಯುದ್ದಕ್ಕೂ ಮಗ್ಗದ ಮನೆಗಳ ಜಗಲಿಯ ಮೇಲೆ ಕೂತು ಕೂತು. ವಾಪಸ್ಸು ಆಟೋದಲ್ಲಿ ಬಂದ. ಮುಖ ಬೂದಿ.

ಕೆಂಪರಾಜ್ ನಂಬಲಿಲ್ಲವಂತೆ. ಹುಡುಗರ ಎದುರಿಗೇ, ನಿನ್ ಕೈಲಿ ಆಗ್ಲಿಲ್ಲ ಅಂತ ನನ್ನನ್ನೂ ಸ್ಟೇಜ್ ಹತ್ತಿಸ್ಬಾರ್ದು ಅಂತೀಯಾ ಎಂದನಂತೆ. ಅವರು ನಕ್ಕರಂತೆ. ಆಮೇಲೆ ಇನ್ನೊಂದು ಮಾತು. ಅದನ್ನು ದೇವ ನನಗೆ ನಿಧಾನವಾಗಿ, ಬಿಡಿಸಿ ಹೇಳಿದ.

'ನಿಮ್ಮಣ್ಣ ಮೆಡಿಕಲ್ ಅಂಗ್ಡಿಯೋನು. ಅವ್ನೇ ಏನಿಲ್ಲ ಅಂದ. ಅದಕ್ಕೂ ವಿಟಮಿನ್ ಕೊಟ್ಟವ್ನೆ — ಅಂದ.'

ಹೇಳಿ, ಗೋಡೆಯ ಕಡೆ ತಿರುಗಿ ಮಲಗಿದ.

14 ಏಪ್ರಿಲ್, ಗುರುವಾರ

ಹನ್ನೆರಡರ ಹೊತ್ತಿಗೆ ಬಂದರು, ಕೆಂಪರಾಜ್ ಮತ್ತು ಅವನ ಹೆಂಡತಿ ಕದಿರಮ್ಮ. ಅವಳೇ ಎಳೆದುಕೊಂಡು ಬಂದಂತಿತ್ತು. ದೇವ ಹಿಂದಿನ ಕುರ್ಚಿಯಲ್ಲಿದ್ದ. ಬೆಳಗಿನಿಂದ ನನ್ನೊಡನೆ ಮಾತಿಲ್ಲ.

ಕೆಂಪರಾಜ್ ಕೌಂಟರಿನ ಮೇಲೆ ಬಾಗಿ, ಬೆರಳಲ್ಲಿ ಕಣ್ಣಿನ ಕೆಳಗೆ ಎಳೆದು ಹಿಡಿದ.

'ರವಿಯಣ್ಣ, ನೀನ್ ಹೇಳು. ನೀನು ಏನಿಲ್ಲ ಅಂದ್ರೆ ಭಾನುವಾರ ಸ್ಟೇಜ್ ಹತ್ತೀನಿ.'

ಅಷ್ಟು ಹತ್ತಿರದಿಂದ ಬಣ್ಣ ಅರಿಸಿನದ ಹಾಗಿತ್ತು. ದೇವ ಹೇಳಲಿ ಎಂದು ಕಾದೆ. ಅವನು ನನಗೇ ಬಿಟ್ಟಿದ್ದ.

ಆಗ ಹೊಳೆದದ್ದು ಇಷ್ಟು. ಇವನು ತಿಳಿಯದೆ ಸತ್ತರೆ ಅದು ಕಾಯಿಲೆ. ನನ್ನದೇನೂ ಅದರಲ್ಲಿ ಇರುವುದಿಲ್ಲ. ಮಾಡಿದವನು ನಾನು ಎಂದು ಇವನಿಗೆ ಗೊತ್ತಾಗಬೇಕು. ಗೊತ್ತಾಗಿ ನನ್ನನ್ನು ನೋಡಬೇಕು. ಕರುಣೆಯಿಂದ ಹೇಳಲಿಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

'ಕಾಮಾಲೆ. ಲಿವರ್ ಹೋಗ್ತಾ ಇದೆ. ಆ ಗುಲಾಬಿ ಮಾತ್ರೆ ವಿಟಮಿನ್ ಅಲ್ಲ. ನಂಗೆ ಮಾರ್ಚ್ ಇಪ್ಪತ್ತಾರರಿಂದ ಗೊತ್ತು.'

ಕಣ್ಣಿನಿಂದ ಬೆರಳು ತೆಗೆದ. ನನ್ನನ್ನು ನೋಡಲಿಲ್ಲ. ನನ್ನ ಹೆಗಲಾಚೆ, ಹಿಂದೆ ನೋಡಿದ.

'ಹಂಗಾದ್ರೆ ದೇವಂಗೆ... ದೇವಂಗೂ ಅದೇನಾ?'

ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ, ಅಷ್ಟು ದೊಡ್ಡ ಮೈ. ಹುಡುಗರಿಗೆ ಹೇಳಿ ಡಬ್ಬ ಎಸೆಸು ಎಂದು ಹೆಂಡತಿಗೆ ಹೇಳುತ್ತಿದ್ದ, ಎರಡೆರಡು ಸಲ. ಇಷ್ಟು ದಿನ ನಾನು ಕಾದಿದ್ದ ಮಾತು ಅವನ ಕಿವಿಗೆ ಬಿದ್ದೇ ಇರಲಿಲ್ಲ.

ಬಿದ್ದದ್ದು ಕದಿರಮ್ಮನ ಕಿವಿಗೆ.

'ಮಾರ್ಚ್ ಇಪ್ಪತ್ತಾರಾ' ಎಂದಳು. 'ಮೊನ್ನೆ ನೀನ್ ಕೊಟ್ಟಿದ್ದನ್ನ ದಿನಾ ನಾನೇ ಕೈಯಾರೆ ನುಂಗಿಸ್ದೆನಲ್ಲಣ್ಣ.'

ದನಿ ಏರಿಸಲಿಲ್ಲ. ಅಣ್ಣ ಎನ್ನುವುದನ್ನೂ ಬಿಡಲಿಲ್ಲ.

ದೇವ ಎದ್ದ. ಕೌಂಟರ್ ಹಿಡಿದುಕೊಂಡು ಈಚೆ ಬಂದು ಕೆಂಪರಾಜನ ತೋಳು ಮುಟ್ಟಿದ. ಬೆಂಗಳೂರಿನ ಡಾಕ್ಟರು ನಾಲ್ಕರವರೆಗೆ ಇರ್ತಾರೆ, ವಾರ್ಡು ನಂಗೊತ್ತು, ಎದ್ದೇಳು ಎಂದ. ಯಾರು ಯಾರನ್ನು ಹಿಡಿದುಕೊಂಡು ಆಟೋ ಹತ್ತಿದರು ಎಂದು ಹೇಳುವುದು ಕಷ್ಟ. ಆ ಪ್ರಯಾಣ ದೇವನ ಮೈಗೆ ಆಗುವುದಿಲ್ಲ ಎಂದು ಕೂಗಿದೆ. ದೇವ ತಿರುಗಿ ನೋಡಲಿಲ್ಲ.

ಈಗ ಐದೂವರೆ. ಮಗ್ಗಗಳು ನಡೆಯುತ್ತಿವೆ. ಅಮ್ಮ ದೇವನ ಗಂಜಿ ಹಿಡಿದು ಅಂಗಡಿಗೇ ಬಂದಿದ್ದಾಳೆ. ಖಾಲಿ ಕುರ್ಚಿ ನೋಡಿದಳು. ಕೆಂಪರಾಜನ ಜೊತೆ ಹೋದ ಎಂದೆ. ಅವನ ಜೊತೆಗಾ, ಯಾಕೆ ಎಂದು ಕೇಳಿ, ಆ ಕುರ್ಚಿಯಲ್ಲೇ ಕೂತು ಉತ್ತರಕ್ಕೆ ಕಾಯುತ್ತಿದ್ದಾಳೆ. ಬರೆಯುವುದು ಮುಗಿಯಲಿ ಎಂದು ಗಂಜಿಯ ಪಾತ್ರೆ ಮಡಿಲಲ್ಲಿಟ್ಟುಕೊಂಡಿದ್ದಾಳೆ. ಅವಳಿಗೆ ಮೊದಲಿಂದ ಹೇಳಬೇಕೆಂದರೆ, ನಾನು —