ಕೊಟ್ರ್ಯಾ, ಆ ಪದ ಯಾಕ ನಡೀಲಿಲ್ಲ ಅಂತ ಈಗ ತಿಳೀತು

ಗೆಳೆಯ ಕೊಟ್ರೇಶಗ,

ಹರಪನಹಳ್ಳಿಯಿಂದ ನಿನ್ನ ಮಾಬು ಬರಿಯೋದು. ನೀ ಹೋಗಿ ಎಂಟು ತಿಂಗಳಾತು. ಇದ್ದಾಗ ಒಂದು ಸಾಲೂ ಬರೀದಾವ ಈಗ್ಯಾಕ ಬರಿಯಾಕ ಕುಂತಾನ ಅಂತ ನಗಬ್ಯಾಡ. ಕುಂತಿಲ್ಲಲೇ, ಮಲಗೇ ಬರಿಯಾಕತ್ತೀನಿ. ಅದೇ ಕೋಣಿ, ಅದೇ ಮಂಚ, ಅದೇ ಒಂದು ಕಿಟಕಿ.

ಗ್ಯಾರೇಜಿನಾಗ ಜ್ಯಾಕ್ ಜಾರಿ ಜೀಪು ನನ್ನ ಸೊಂಟದ ಮ್ಯಾಲೆ ಕುಂತ ದಿನ ನೆನಪೈತೇನು? ಮೊದಮೊದಲು ಊರಿಗೆ ಊರೇ ನೋಡಾಕ ಬಂತು. ಆಮ್ಯಾಲೆ ಒಬ್ಬೊಬ್ಬರ ಬರೋದು ಬಿಟ್ಟರು. ನೀ ಪಾಠ ಮಾಡ್ತಿದ್ದ ಕೊಟ್ಟೂರಿನ ಕಂಪ್ಯೂಟರ್ ಕ್ಲಾಸಿಗೆ ಭಾನುವಾರ ರಜಾ ಅಂತ, ಪ್ರತಿ ವಾರ ಬಸ್ ಹತ್ತಿ ಬಂದಾವ ನೀನೊಬ್ಬನ. ಕಾಲು ಇನ್ನು ಬರಂಗಿಲ್ಲ ಅಂತ ಡಾಕ್ಟ್ರು ಅಂದ ಮ್ಯಾಲೆ ನಾ ಮಾತಾಡೋದ ಬಿಟ್ಟಿದ್ದೆ. ನೀ ಒಂದು ಹಳೇ ಲ್ಯಾಪ್‌ಟಾಪ್ ತಂದು ನನ್ನ ಹೊಟ್ಟಿ ಮ್ಯಾಲೆ ಹಲಗಿ ಹಾಕಿ ಇಟ್ಟಿ. "ಪೈಥಾನ್ ಕಲಿ, ಕಂಪ್ಯೂಟರಿಗೆ ಹುಕುಂ ಬರಿಯೋ ಭಾಷೆ. ಕೈ ಅದಾವ, ತಲಿ ಐತಿ. ಇನ್ನೇನು ಬೇಕು?" ಅಂದಿ. ಇನ್ನೇನು ಬೇಕಂತ ನಿನಗ ಹೆಂಗ ಹೇಳಲಿ? ಬಾಗಿಲ ತನಕ ಹೋಗೋದು ಬೇಕಾಗಿತ್ತು...

ಆ ಕಡೇ ಭಾನುವಾರ. ಯಾವ ಊರಿಂದ ಯಾವ ಊರಿಗೆ ಎಷ್ಟೊತ್ತಿಗೆ ಬಸ್ ಐತಿ ಅಂತ ಹೇಳೋ ಸಣ್ಣ ಪ್ರೋಗ್ರಾಂ ಬರಿ ಅಂದಿದ್ದಿ. ವಾರಪೂರ್ತಿ ಗುದ್ದಾಡಿದ್ದೆ. ಹೊರಡೋ ಊರಿಗೆ 'ಫ್ರಮ್' ಅಂತ ಹೆಸರಿಟ್ಟಿದ್ದೆ, ಮುಟ್ಟೋ ಊರಿಗೆ 'ಟು' ಅಂತ. ಫ್ರಮ್ ಅಂದ್ರ ಕೂಡ್ಲಿಗಿ, ಟು ಅಂದ್ರ ಹಡಗಲಿ. ಓಡಿಸಿದ್ರ ಬರೇ ಕೆಂಪಕ್ಷರ, ಬರದ ರೀತಿ ತಪ್ಪೈತಿ ಅಂತ. ಎಷ್ಟು ಸಲ ತಿದ್ದಿದರೂ ಅದೇ. ನೀ ಬಂದಾವನ ನೋಡಿ ನಕ್ಕಿ. "ಫ್ರಮ್ ಅನ್ನೋದು ಪೈಥಾನಿನ ಕೀವರ್ಡಲೇ. ತನ್ನ ಕೆಲಸಕ್ಕಂತ ಅದು ಮೊದಲ ಇಟ್ಕೊಂಡೈತಿ. ಹೆಸರಿಡಾಕ ನಿನಗ ಸಿಗಂಗಿಲ್ಲ."

ನಕ್ಕಿದ್ದಕ್ಕೋ, ಸಿಗಂಗಿಲ್ಲ ಅಂದಿದ್ದಕ್ಕೋ... "ಏಳಂಗಿಲ್ಲ, ಹೊಳ್ಳಿ ಮಲಗಂಗಿಲ್ಲ, ಉಚ್ಚಿ ಹೊಯ್ಯಾಕೂ ಅಮ್ಮೀನ ಕರೀಬೇಕು. ಈಗ ಒಂದು ಹೆಸರಿಡಾಕೂ ಇಲ್ಲೇನು? ನೀ ನಡಕೊಂಡು ಬಂದು ನಡಕೊಂಡು ಹೋಗಾವ. ಇನ್ಮ್ಯಾಲೆ ಬರಬ್ಯಾಡ!" ಅಂತ ಚೀರಿ ಲ್ಯಾಪ್‌ಟಾಪ್ ತಳ್ಳಿದೆ. ಬೀಳೋದನ್ನ ನೀ ಹಿಡದಿ, ಮಂಚದ ಮ್ಯಾಲಿಟ್ಟಿ, ಚಪ್ಪಲಿ ಮೆಟ್ಕೊಂಡಿ. ಬರ್ತೀನಿ ಅನ್ನಲಿಲ್ಲ. ಬುಧವಾರ ಪಾಠ ಮಾಡ್ತಾ ಮಾಡ್ತಾ ಎದಿ ಹಿಡಕೊಂಡು ಕುಸಿದಿ. ನಿನ್ನ ಮಣ್ಣಿಗೂ ನನಗ ಬರಾಕಾಗಲಿಲ್ಲ.

ಆರು ತಿಂಗಳು ಗೋಡಿ ಕಡಿ ಮಾರಿ ಮಾಡಿ ಮಲಗಿದ್ದೆ. ಒಂದಿನ ನಿನ್ನ ಹೇಣ್ತಿ ಗಿರಿಜಾ ಫೋನ್ ಮಾಡಿದ್ಲು. "ಮಾಬಣ್ಣಾ, ಇವ್ರು ಕಲಸ್ತಿದ್ದ ಹೆಣ್ಮಕ್ಕಳು ಅರ್ಧಕ್ಕ ನಿಂತಾರ. ಫೋನಿನಾಗ ವಿಡಿಯೋ ಹಚ್ಚಿ ನೀವಾರ ಹೇಳಿಕೊಡ್ರಿ."

"ನನಗೇನು ಬರ್ತೈತವ್ವಾ? ಅಂವಗ ಬರಬ್ಯಾಡ ಅಂದಾವ ನಾನು."

"ಗೊತ್ತೈತ್ರಿ. ಆ ಭಾನುವಾರ ಮನಿಗೆ ಬಂದು, ಮಾತೇ ಬಿಟ್ಟಿದ್ದ ಮಾಬು ಇವತ್ತು ಬಾಯಿ ತುಂಬ ಬೈದ ಅಂದ್ರು. ಖುಷೀಲೆ ಎರಡು ರೊಟ್ಟಿ ಜಾಸ್ತಿ ತಿಂದ್ರು."

ಫೋನ್ ಇಟ್ಟು ಎಷ್ಟೊತ್ತು ಅತ್ತೆನೋ. ಆಮ್ಯಾಲೆ ಅಮ್ಮೀಗೆ ಲ್ಯಾಪ್‌ಟಾಪ್ ಕೊಡು ಅಂದೆ. ಕೀವರ್ಡೆಲ್ಲಾ ತೋರಸು ಅಂತ ಪೈಥಾನನ್ನೇ ಕೇಳಿದೆ. ಇಫ್, ಎಲ್ಸ್, ವೈಲ್, ಕ್ಲಾಸ್ ಅಂತ ಮೂವತ್ತಕ್ಕೂ ಮಿಕ್ಕಿ ಪದ ಬಂದ್ವು. ಅದರಾಗ ಫ್ರಮ್. ಬ್ಯಾರೆ ಕಡೆ ಬರದಿಟ್ಟಿದ್ದನ್ನ ಇಲ್ಲಿಗೆ ತರಿಸ್ಕೊಳ್ಳಾಕ ಅದು ಆ ಪದ ಬಳಸ್ತೈತಿ. ನಾನೂ ಅದನ್ನ ಊರಿನ ಹೆಸರಿಗಿಟ್ರ, ಇದು ಹೆಸರೋ ಹುಕುಮೋ ಅಂತ ಪಾಪ ಅದಕ್ಕ ಹೆಂಗ ತಿಳೀಬೇಕು? ಫ್ರಮ್ ತಗದು 'ಹೊರಡುವ_ಊರು' ಅಂತ ಕನ್ನಡದಾಗ ಬರದೆ. ಓಡ್ತಲೇ! ಕನ್ನಡ ಹೆಸರೂ ನಡೀತಾವ ಅಂತ ನಿನಗ ಗೊತ್ತಿತ್ತೇನು?

ಇಷ್ಟಾತು ಅಂತ ಕೋಣಿ ದೊಡ್ಡದಾಗಿಲ್ಲ. ಮಧ್ಯಾಹ್ನ ಆದ್ರ ಈಗಲೂ ಉಸಿರು ಕಟ್ಟಿದಂಗಾಗತೈತಿ. ಕಿಟಕ್ಯಾಗ ಕಾಣೋದು ಆಚಿ ಮನಿ ಗೋಡಿ ಒಂದ. ಎಷ್ಟು ವರ್ಷ ಇದನ್ನೇ...

ಆದ್ರ ಮೊನ್ನೆ ಫೋನಿನಾಗ ಮೊದಲನೇ ಪಾಠ ಮಾಡಿದೆ. ಹೊಳಲಿನಾಕಿ, ತಂಬ್ರಹಳ್ಳಿಯಾಕಿ, ಒಟ್ಟು ಆರು ಮಂದಿ. ಒಬ್ಬಾಕಿ "ಸರ್, ನನ್ನದು ಓಡವಲ್ದು ನೋಡ್ರಿ" ಅಂದ್ಲು. ಯಾರೋ ಮೇಷ್ಟ್ರು ಬಂದಾರೇನೋ ಅಂತ ನಾನು ಬಾಗಿಲ ಕಡೆ ನೋಡಿದೆ.

ನಿನ್ನ,
ಮಾಬು