ಮಗಳ ಲಿವರ್ ಮತ್ತು ಮೂರನೇ ಮಹಡಿ

ಹೊಲಿಗೆ ಅಂಗಡಿಯ ಹೊಸ ಜಾಗ
ಭಾನುವಾರ, ಮಾರ್ಚ್ 9

ಪ್ರೀತಿಯ ಹೆಂಡತಿ ಮೇಡಂ ಅವರಿಗೆ,

ಹೇಗಿದ್ದೀಯ? ನಿನ್ನ ಬಾಣಂತಿ ತಂಗಿ, ಅವಳ ಅವಳಿ ಮಕ್ಕಳು ಕ್ಷೇಮವೇ? ಇಬ್ಬರೂ ಸರದಿ ಹಾಕಿಕೊಂಡು ಅಳುತ್ತಾರೆಂದು ನೀನು ಬರೆದಿದ್ದೆ. ನಿನ್ನ ಸೊಂಟನೋವು ಹೇಗಿದೆ? ಇಲ್ಲಿ ನಾನು, ಮಗಳು, ಅಮ್ಮ ಮೂವರೂ ಚೆನ್ನಾಗಿದ್ದೇವೆ. ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಂಡು ಮುಂದಕ್ಕೆ ಹೋಗು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಎರಡನೇ ಮಾತು ಆಡುವಷ್ಟರಲ್ಲಿ ನೀನು ಬಸ್ಸು ಹತ್ತಿರುತ್ತೀಯ.

ವಿಷಯ ಮಗಳ ರಕ್ತಪರೀಕ್ಷೆಯದು. ಅವಳ ಟೈಪ್ ಒನ್ ಸಕ್ಕರೆ ಕಾಯಿಲೆಗೆ ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆ ಈ ಸಲ ನನ್ನ ಪಾಲಿಗೆ ಬಂತಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ಚೆನ್ನಾಗಿತ್ತು, ಕಿಡ್ನಿಯೂ ಸರಿ. ಲಿವರಿನ ಒಂದು ಅಂಕಿ ಮಾತ್ರ, ನಲವತ್ತರೊಳಗೆ ಇರಬೇಕಾದದ್ದು, ಎಪ್ಪತ್ತನಾಲ್ಕಕ್ಕೆ ಏರಿ ಕೂತಿತ್ತು. "ಇಂಥ ಮಕ್ಕಳಲ್ಲಿ ಕೆಲವೊಮ್ಮೆ ಏರುತ್ತೆ, ಕಾರಣ ಹಲವಾರು. ಹತ್ತು ದಿನ ಬಿಟ್ಟು ಮತ್ತೆ ನೋಡೋಣ, ಅಲ್ಲೀವರೆಗೆ ಆಟ ಬೇಡ" ಎಂದರು ಡಾಕ್ಟರಮ್ಮ. ಹನ್ನೊಂದನೇ ದಿನವೇ ಶಾಲೆಯ ವಾಲಿಬಾಲ್ ತಂಡದ ಆಯ್ಕೆ. ಮಗಳ ಮುಖ ಇಸ್ತ್ರಿ ಕಾಣದ ಬಟ್ಟೆಯಂತಾಯಿತು. ಡಾಕ್ಟರಮ್ಮ ಅವಳನ್ನು ಕೇಳಿದ ಪ್ರಶ್ನೆಗಳಿಗೆಲ್ಲ ನಾನೇ ಪಟಪಟನೆ ಉತ್ತರ ಕೊಟ್ಟೆ. ಇಂಜೆಕ್ಷನ್ ತಪ್ಪಿಸ್ತಾಳಾ? ಒಂದೂ ಇಲ್ಲ. ಪರೀಕ್ಷೆಗೆ ಮುಂಚೆ ಮೈ ದಣಿಯೋ ಕೆಲಸ ಏನಾದರೂ? "ಅಯ್ಯೋ, ಆ ವಾರ ಪುಸ್ತಕ ಬಿಟ್ಟು ಎದ್ದೇ ಇಲ್ಲ ಡಾಕ್ಟ್ರೇ!" ಮಗಳು ಬಾಯಿ ತೆರೆದಳು. ನಾನು ಹೆಮ್ಮೆಯಿಂದ ಅವಳ ಬೆನ್ನು ತಟ್ಟಿದೆ.

ಮನೆಗೆ ಬಂದರೆ ನಮ್ಮಮ್ಮನ ವಿಚಾರಣೆ ಶುರು. "ಸಕ್ಕರೆ ಸಾಲದು ಅಂತ ಈಗ ಲಿವರಾ! ಎಲ್ಲಾ ಎಣ್ಣೆ ಮಹಿಮೆ ಕಣೋ" ಎಂದವರೇ ಎಣ್ಣೆ ಡಬ್ಬಿಯನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹತ್ತು ದಿನವೂ ಬರೀ ಬೇಯಿಸಿದ ತರಕಾರಿ. ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು: "ಕದ್ದು ಏನಾದರೂ ತಿಂದೆಯಾ?" ಎಂದು ಕೇಳಿಬಿಟ್ಟೆ. ಅವಳು ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು. ಬೇಕಾದ್ದನ್ನು ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿ ತಿಳಿಸುತ್ತಿದ್ದಳು. ಒಂದು ಚೀಟಿಯಲ್ಲಿ "ನಾನು ಸುಳ್ಳು ಹೇಳಲ್ಲ" ಎಂದಷ್ಟೇ ಇತ್ತು. ಅದನ್ನು ಓದಿ ಅವತ್ತು ಎರಡು ಅಂಗಿಗಳಿಗೆ ತೋಳು ತಿರುವುಮುರುವಾಗಿ ಹೊಲಿದೆ.

ಎರಡನೇ ಪರೀಕ್ಷೆಯಲ್ಲಿ ಅಂಕಿ ಮೂವತ್ತೊಂದು! ನಾನು ಎಣ್ಣೆ ಡಬ್ಬಿಯ ಕಥೆ ಶುರುಮಾಡಿದೆ. ಡಾಕ್ಟರಮ್ಮ ಕೈ ಎತ್ತಿ, "ನೀವು ಸ್ವಲ್ಪ ಸುಮ್ಮನಿರ್ತೀರಾ?" ಎಂದು ಮಗಳ ಕಡೆ ತಿರುಗಿದರು. ಆಗ ಅವಳು ಹೇಳಿದಳು: ಮೊದಲ ಪರೀಕ್ಷೆಯ ಹಿಂದಿನ ದಿನ ಅಂಗಡಿ ಬದಲಾಯಿಸಿದೆವು, ಲಿಫ್ಟ್ ಕೆಟ್ಟಿತ್ತು, ಇಪ್ಪತ್ತೆರಡು ಬಟ್ಟೆಯ ಸುರುಳಿಗಳನ್ನು ಮೂರನೇ ಮಹಡಿಗೆ ಹೊತ್ತದ್ದು ತಾನು. "ಅಪ್ಪ ಹಳೇ ಅಂಗಡೀಲಿ ಮೆಷಿನ್ ಬಿಚ್ಚುತ್ತಿದ್ದರು, ನಾನು ಎಷ್ಟು ಹೊತ್ತೆ ಅಂತ ಎಣಿಸಲಿಲ್ಲ." ಸ್ನಾಯು ವಿಪರೀತ ದಣಿದರೂ ಈ ಅಂಕಿ ಏರುತ್ತದಂತೆ, ಬಹುಶಃ ಅದೇ ಕಾರಣ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ, ಆಟ ಆಡಲಿ ಎಂದರು ಡಾಕ್ಟರಮ್ಮ. ಮಗಳಲ್ಲಿ ಕ್ಷಮೆ ಕೇಳಿದೆ. "ಚೀಟಿ ಬರೆದು ಅಂಟಿಸಿ" ಎಂದಳು. ಅಂಟಿಸಿದೆ. ತಂಡದಲ್ಲಿ ಅವಳ ಹೆಸರು ಬಂದಿದೆ. ಕೀರ್ತಿಯೆಲ್ಲ ಬೇಯಿಸಿದ ತರಕಾರಿಗೇ ಸೇರಬೇಕೆಂದು ಅಮ್ಮನ ವಾದ. ಡಬ್ಬಿ ಇನ್ನೂ ಬಿಡುಗಡೆಯಾಗಿಲ್ಲ.

ತಂಗಿಗೆ ನನ್ನ ಶುಭಾಶಯ, ಕೂಸುಗಳಿಗೆ ಮುತ್ತು. ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ,
ದರ್ಜಿ

ಮರೆತಿದ್ದೆ: ಮುಂದಿನ ಸಲದಿಂದ ಮಗಳು ಡಾಕ್ಟರ ಬಳಿ ಒಬ್ಬಳೇ ಒಳಗೆ ಹೋಗುತ್ತಾಳಂತೆ, ನಾವು ಹೊರಗೆ. ಅದಕ್ಕೊಂದು ಒಪ್ಪಿಗೆ ಫಾರಂ ಇದೆ, ತಂದೆ ತಾಯಿ ಇಬ್ಬರ ಸಹಿ ಬೇಕು. ನನ್ನದು ಹಾಕಿದೆ, ಅದೇ ಭರದಲ್ಲಿ ನಿನ್ನದನ್ನೂ ನಾನೇ ಹಾಕಿಬಿಟ್ಟೆ. ಮಗಳು ಅದನ್ನು ಹರಿದು ಹೊಸದು ತಂದಿದ್ದಾಳೆ, ಇದರೊಳಗೆ ಇಟ್ಟಿದ್ದೇನೆ. ನೀನೇ ಓದಿ, ಸರಿ ಅನ್ನಿಸಿದರೆ ಮಾತ್ರ ಸಹಿ ಮಾಡಬೇಕಂತೆ. ನೀನು ಒಪ್ಪುತ್ತೀಯ ಎಂದು ನಾನು ಆಗಲೇ ಹೇಳಿಬಿಟ್ಟಿದ್ದೇನೆ.